ಹತ್ತು ಸಾವಿರದಿಂದ ಹತ್ತು ಕೋಟಿಯವರೆಗೆ

ಮಾವ ಫೋನ್ ಮಾಡಿದಾಗ ಬೆಳಿಗ್ಗೆ ಆರೂವರೆ. ‘ಮರಿಗಳು ತೇಲ್ತಾ ಇವೆ. ನಿನ್ನೆ ನಾಲ್ಕು ಇದ್ದವು. ಇವತ್ತು ಬಕೆಟ್ ತುಂಬ’ ಎಂದರು. ಕುಂದಾಪುರದ ಹತ್ತಿರ ಹಿನ್ನೀರಿನಲ್ಲಿ ಪಂಜರ ಕಟ್ಟಿ ಅವರು ಕುರುಡಿ ಮೀನು ಸಾಕುತ್ತಾರೆ. ನಾನು ಆಗ ಮೀನುಗಾರಿಕೆ ವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿ. ಥರ್ಮೋಕೋಲ್ ಪೆಟ್ಟಿಗೆ, ಐಸು, ಕತ್ತರಿ, ಸ್ಪಿರಿಟ್ ದೀಪ, ಹತ್ತು ಪೆಟ್ರಿ ಪ್ಲೇಟ್ ಹಿಡಿದುಕೊಂಡು ಬಸ್ ಹತ್ತಿದೆ.

ಕುರುಡಿ ಅಂದರೆ ಏಷ್ಯನ್ ಸೀಬಾಸ್. ಬಂಗಾಳಿಗಳ ಭೇಟ್ಕಿ, ಕೇರಳದವರ ಕಾಳಾಂಜಿ, ತಮಿಳರ ಕೊಡುವಾ ಎಲ್ಲ ಇದೇ. ಉಪ್ಪು ನೀರಾದರೂ ಸರಿ, ಸಿಹಿ ನೀರಾದರೂ ಸರಿ, ಹೊಂದಿಕೊಂಡು ಬದುಕುತ್ತದೆ. ಮೊದಲು ಗಂಡಾಗಿ ಬೆಳೆದು, ಕೆಲವು ವರ್ಷ ಕಳೆದ ಮೇಲೆ ಹೆಣ್ಣಾಗುತ್ತದೆ. ಮಾಂಸ ಬೆಳ್ಳಗೆ, ಮುಳ್ಳು ಕಡಿಮೆ, ಬೆಲೆ ಒಳ್ಳೆಯದು. ಅದಕ್ಕೇ ನಮ್ಮ ಕರಾವಳಿಯ ಪಂಜರಗಳಲ್ಲಿ ಇದಕ್ಕೆ ಮೊದಲ ಜಾಗ.

ಪಂಜರದ ಪೈಪಿನ ಮೇಲೆ ಕೂತು ನೋಡಿದೆ. ಮರಿಗಳು ಒಂದು ಮೂಲೆಯಲ್ಲಿ ಸುಮ್ಮನೆ ನಿಂತಿದ್ದವು. ಬೆಳ್ಳಿ ಬಣ್ಣ ಹೋಗಿ ಮೈ ಕಪ್ಪಿಟ್ಟಿತ್ತು. ಬೂತಾಯಿ ಮೀನಿನ ಚೂರು ಹಾಕಿದರೆ ಅದು ಮೂಗಿನ ಮುಂದೆಯೇ ಮುಳುಗಿ ಹೋದರೂ ಬಾಯಿ ತೆರೆಯುತ್ತಿರಲಿಲ್ಲ. ‘ಮೂರು ದಿನದ ಹಿಂದೆ ದೊಡ್ಡದು ಸಣ್ಣದು ಬೇರೆ ಮಾಡಿದ್ವಿ. ಆವಾಗ ಎಲ್ಲ ಚೆನ್ನಾಗೇ ಇದ್ದವು’ ಎಂದರು ಮಾವ. ಆ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬರೆದುಕೊಂಡು ಮರೆತೆ.

ಸತ್ತ ಮೀನು ನನಗೆ ಬೇಕಿರಲಿಲ್ಲ. ಸತ್ತು ಸ್ವಲ್ಪ ಹೊತ್ತಾದರೆ ಸಾಕು, ಕೊಳೆಸುವ ಬ್ಯಾಕ್ಟೀರಿಯಾ ಮೈತುಂಬ ಹರಡಿರುತ್ತವೆ, ಕೊಂದದ್ದು ಯಾವುದು ಅಂತ ಗೊತ್ತಾಗುವುದಿಲ್ಲ. ಸಾಯುವ ಹಂತದಲ್ಲಿದ್ದ ಐದು ಮರಿಗಳನ್ನು ಆರಿಸಿದೆ. ತಲೆಯ ಹಿಂದೆ ಬೆನ್ನುಮೂಳೆಗೆ ಅಂಟಿಕೊಂಡು ಕಿಡ್ನಿಯ ಮುಂದಿನ ತುದಿ ಇರುತ್ತದೆ. ಮೀನಿನ ರಕ್ತಕಣ ತಯಾರಾಗುವುದು ಅಲ್ಲೇ. ಆರೋಗ್ಯವಾಗಿರುವ ಮೀನಿನಲ್ಲಿ ಆ ಜಾಗದಿಂದ ಬ್ಯಾಕ್ಟೀರಿಯಾ ಸಿಗಬಾರದು. ಸಿಕ್ಕರೆ ರಕ್ತದ ದಾರಿಯಲ್ಲೇ ಬಂದಿದೆ ಎಂದರ್ಥ. ಲೂಪ್ ಎಂಬ ತಂತಿಯ ಕುಣಿಕೆಯನ್ನು ಸ್ಪಿರಿಟ್ ದೀಪದಲ್ಲಿ ಕೆಂಪಗೆ ಕಾಯಿಸಿ, ಆರಿಸಿ, ಅಲ್ಲಿಂದ ಒಂದೊಂದು ಗೀರು ಪ್ಲೇಟಿನ ಮೇಲೆ ಎಳೆದೆ.

ಮಾರನೇ ದಿನ ಐದರಲ್ಲೂ ಒಂದೇ ಥರದ ಕಾಲೊನಿ, ಅಂದರೆ ಬ್ಯಾಕ್ಟೀರಿಯಾದ ಗುಂಪು, ಬೆಳೆದಿತ್ತು. ಬ್ಯಾಕ್ಟೀರಿಯಾ ಬೆಳೆಸುವ ಟಿಸಿಬಿಎಸ್ ಎಂಬ ಹಸಿರು ಮಾಧ್ಯಮದಲ್ಲಿ ಹಳದಿ ಚುಕ್ಕೆಗಳು. ಅದರಲ್ಲಿ ಬೆಳೆಯುವುದು ವಿಬ್ರಿಯೊ ಎಂಬ ಬ್ಯಾಕ್ಟೀರಿಯಾ ಗುಂಪು. ಸಕ್ಕರೆ ಹುದುಗಿಸುವ ವಿಬ್ರಿಯೊ ಆದರೆ ಹಳದಿ, ಇಲ್ಲದಿದ್ದರೆ ಹಸಿರು. ಕೊನೆಗೆ ಹೆಸರು ಬಂದದ್ದು ವಿಬ್ರಿಯೊ ಹಾರ್ವೆಯಿ. ಈ ಗುಂಪಿನ ಬ್ಯಾಕ್ಟೀರಿಯಾಗಳು ಅಣ್ಣತಮ್ಮಂದಿರ ಹಾಗೆ, ಒಂದಕ್ಕೊಂದು ತುಂಬ ಹೋಲುತ್ತವೆ. ಎಲ್ಲರೂ ನೋಡುವ 16ಎಸ್ ಜೀನ್ ಒಂದರಿಂದ ಇವುಗಳನ್ನು ಬೇರೆ ಮಾಡಲು ಆಗುವುದಿಲ್ಲ. ಟಾಕ್ಸ್‌ಆರ್ ಎಂಬ ಇನ್ನೊಂದು ಜೀನನ್ನೂ ಪಿಸಿಆರ್‌ನಲ್ಲಿ ನೋಡಬೇಕಾಯಿತು. ಜೀವಿಗಳ ಬೆಳಕಿನ ಬಗ್ಗೆ ಸಂಶೋಧನೆ ಮಾಡಿದ ಹಾರ್ವೆ ಎಂಬ ವಿಜ್ಞಾನಿಯ ಹೆಸರು ಇದಕ್ಕಿದೆ. ಇದರ ಕೆಲವು ತಳಿಗಳು ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತವೆ. ಸಿಗಡಿ ಹ್ಯಾಚರಿಯವರು ಆ ಹೊಳಪು ಕಂಡರೆ ನಡುಗುತ್ತಾರೆ. ನಾನೂ ಲೈಟ್ ಆರಿಸಿ ಹತ್ತು ನಿಮಿಷ ಪ್ಲೇಟ್ ನೋಡುತ್ತಾ ಕೂತೆ. ನನ್ನದು ಹೊಳೆಯಲಿಲ್ಲ.

ಹೆಸರು ಸಿಕ್ಕಿತು ಅಂದರೆ ಕೆಲಸ ಮುಗಿಯಿತು ಅಂತ ನಾನಂದುಕೊಂಡಿದ್ದೆ. ಗೈಡ್ ಒಂದೇ ಪ್ರಶ್ನೆ ಕೇಳಿದರು. ‘ಅಲ್ಲಿ ಇತ್ತು, ಸರಿ. ಕೊಂದದ್ದು ಅದೇ ಅಂತ ಹೇಗೆ ಹೇಳ್ತೀಯ?’ ಸಮುದ್ರದ ನೀರಲ್ಲಿ ವಿಬ್ರಿಯೊ ಇಲ್ಲದ ಜಾಗವೇ ಇಲ್ಲ. ಮೀನಿನ ಮರಿಗಳಿಗೆ ತಗಲುವ ನೋಡಾ ವೈರಸ್ ಬಡಿದು ಕುಗ್ಗಿದ ಮರಿಯೊಳಗೆ ಇದು ಆಮೇಲೆ ನುಗ್ಗಿರಬಹುದು. ವೈರಸ್ ಪರೀಕ್ಷೆ ಮಾಡಿಸಿದೆವು, ಇರಲಿಲ್ಲ. ಅಷ್ಟರಿಂದಲೂ ಇದೇ ಕೊಲೆಗಾರ ಎಂದು ಹೇಳಲಾಗದು. ರಾಬರ್ಟ್ ಕಾಕ್ 1880ರ ದಶಕದಲ್ಲಿ ಕ್ಷಯದ ಬ್ಯಾಕ್ಟೀರಿಯಾ ಹಿಡಿದಾಗ ಹಾಕಿದ ದಾರಿಯೇ ಇವತ್ತಿಗೂ ದಾರಿ. ರೋಗಿಯಿಂದ ತೆಗೆದ ಬ್ಯಾಕ್ಟೀರಿಯಾವನ್ನು ಬೇರೆ ಮಾಡಿ ಬೆಳೆಸಬೇಕು. ಆರೋಗ್ಯವಂತ ಜೀವಿಗೆ ಕೊಡಬೇಕು. ಅದೇ ರೋಗ ಬರಬೇಕು. ಅದರಿಂದ ಅದೇ ಬ್ಯಾಕ್ಟೀರಿಯಾ ಮತ್ತೆ ಸಿಗಬೇಕು.

ಅಂದರೆ ಚೆನ್ನಾಗಿರುವ ಮರಿಗಳಿಗೆ ನಾನೇ ರೋಗ ಹಚ್ಚಬೇಕು.

ಇದಕ್ಕೆ ಪ್ರಾಣಿ ನೀತಿ ಸಮಿತಿಯ ಅನುಮತಿ ಬೇಕು. ಅರ್ಜಿಯಲ್ಲಿ ನಾನು ಪ್ರತಿ ತೊಟ್ಟಿಗೆ 20 ಮೀನು ಎಂದು ಬರೆದಿದ್ದೆ. ಯಾಕೆ 20, ಹತ್ತರಲ್ಲಿ ಉತ್ತರ ಸಿಗುವುದಿಲ್ಲವೇ ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹತ್ತಕ್ಕೆ ಇಳಿಸಿದೆ. ಇನ್ನೊಂದು ಮಾತು ಕೇಳಿದರು: ಮೀನು ಪೂರ್ತಿ ಸಾಯುವವರೆಗೂ ಕಾಯುತ್ತೀರಾ? ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಕೊನೆಗೆ ಒಂದು ಗಡಿ ಹಾಕಿಕೊಂಡೆವು. ಮೀನು ಪಕ್ಕಕ್ಕೆ ಬಿದ್ದು, ಬಲೆ ತಾಗಿಸಿದರೂ ಅಲುಗದಿದ್ದರೆ ಅದು ಇನ್ನು ಬದುಕುವುದಿಲ್ಲ. ಆಗಲೇ ತೆಗೆದು, ಲವಂಗದ ಎಣ್ಣೆ ಜಾಸ್ತಿ ಹಾಕಿದ ನೀರಿನಲ್ಲಿ ಅದರ ನೋವು ಮುಗಿಸಬೇಕು. ಲೆಕ್ಕದಲ್ಲಿ ಅದನ್ನು ಸತ್ತದ್ದು ಎಂದೇ ಬರೆಯಬೇಕು. ಆ ಕಾಗದಪತ್ರದ ತಿಂಗಳು ನನಗೆ ಬೇಜಾರು ತಂದಿತ್ತು, ನಿಜ. ಆದರೆ ಇಡೀ ಕೆಲಸದಲ್ಲಿ ನನ್ನನ್ನು ಅತಿ ಹೆಚ್ಚು ಯೋಚಿಸುವಂತೆ ಮಾಡಿದ್ದು ಆ ಎರಡು ಪ್ರಶ್ನೆಗಳೇ.

ಮರಿಗಳು ತಮಿಳುನಾಡಿನಿಂದ ಬಂದವು. ಕುರುಡಿಯನ್ನು ನಮ್ಮ ದೇಶದಲ್ಲಿ ಮೊದಲ ಸಲ ತೊಟ್ಟಿಯಲ್ಲಿ ಮರಿ ಮಾಡಿಸಿದ್ದು 1997ರಲ್ಲಿ, ಚೆನ್ನೈನ ಸಿಬಾ ಎಂಬ ಕೇಂದ್ರ ಸರ್ಕಾರದ ಹಿನ್ನೀರು ಮೀನುಸಾಕಣೆ ಸಂಶೋಧನಾ ಸಂಸ್ಥೆಯವರು. ಅಲ್ಲಿಯವರೆಗೆ ಹೊಳೆಬಾಯಿಯಲ್ಲಿ ಮರಿ ಹಿಡಿದು ತಂದರೆ ಮಾತ್ರ ಸಾಕಣೆ. ಈಗ ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ರಾತ್ರೋರಾತ್ರಿ ಬರುತ್ತವೆ. ಚೀಲಗಳನ್ನು ತೊಟ್ಟಿಯ ನೀರಿನಲ್ಲಿ ತೇಲಿಬಿಟ್ಟು, ಒಳಗಿನ ಹೊರಗಿನ ಬಿಸಿ ಒಂದಾಗುವವರೆಗೆ ಕಾದು, ಆಮೇಲೆ ನಿಧಾನಕ್ಕೆ ಬಿಟ್ಟೆ. ಎಣಿಸಿದೆ, 320. ಒಂದೊಂದೂ ಬೆರಳುದ್ದ. ಟಾರ್ಚ್ ಬೆಳಕು ಬಿದ್ದರೆ ಕಣ್ಣು ಕೆಂಡದ ಹಾಗೆ ಹೊಳೆಯುತ್ತಿತ್ತು.

ಎರಡು ವಾರ ಅವುಗಳಿಗೆ ಬರೀ ಊಟ, ನೀರು, ವಿಶ್ರಾಂತಿ. ಪ್ರಯಾಣದ ಸುಸ್ತಿನಲ್ಲಿರುವ ಮೀನಿಗೆ ರೋಗ ಕೊಟ್ಟರೆ ಕೊಂದದ್ದು ಬ್ಯಾಕ್ಟೀರಿಯಾವೋ ಸುಸ್ತೋ ತಿಳಿಯುವುದಿಲ್ಲ. ಆ ಎರಡು ವಾರದಲ್ಲೇ ಕುರುಡಿಯ ಸ್ವಭಾವ ಏನೆಂದು ಗೊತ್ತಾಯಿತು. ಒಂದು ಬೆಳಿಗ್ಗೆ ಒಂದು ಮರಿ ಬಾಯಿ ಅಗಲಿಸಿಕೊಂಡು ತಳದಲ್ಲಿ ಬಿದ್ದಿತ್ತು. ಹತ್ತಿರದಿಂದ ನೋಡಿದರೆ ಬಾಯಿಂದ ಇನ್ನೊಂದು ಮರಿಯ ಬಾಲ ಆಚೆ ಬಂದಿದೆ. ತನಗಿಂತ ಸ್ವಲ್ಪವೇ ಚಿಕ್ಕದಾದ ತಮ್ಮನನ್ನು ನುಂಗಲು ಹೋಗಿ, ಅರ್ಧಕ್ಕೆ ಸಿಕ್ಕಿಕೊಂಡು, ಎರಡೂ ಸತ್ತಿದ್ದವು. ಸಾಕುವವರು ವಾರಕ್ಕೊಮ್ಮೆ ಗ್ರೇಡಿಂಗ್ ಮಾಡುವುದು, ಅಂದರೆ ದೊಡ್ಡದು ಸಣ್ಣದು ಬೇರೆ ಮಾಡುವುದು, ಇದಕ್ಕೇ. ನನ್ನ ಪ್ರಯೋಗಕ್ಕೆ ಇದರಿಂದ ಇನ್ನೊಂದು ಅಪಾಯವೂ ಇತ್ತು. ರೋಗದಿಂದ ಸತ್ತ ಮರಿಯನ್ನು ಪಕ್ಕದ್ದು ನುಂಗಿದರೆ ಅದಕ್ಕೆ ಹೊಟ್ಟೆಯ ದಾರಿಯಲ್ಲಿ ಎರಡನೇ ಡೋಸ್ ಹೋದ ಹಾಗೆ. ಒಂದೇ ಅಳತೆಯ, ಹತ್ತು ಗ್ರಾಂ ಆಸುಪಾಸಿನ ಮರಿಗಳನ್ನು ಮಾತ್ರ ಆರಿಸಿದೆ.

ಆರು ತೊಟ್ಟಿ, ತಲಾ ಹತ್ತು ಮರಿ. ಐದು ತೊಟ್ಟಿಗೆ ಐದು ಪ್ರಮಾಣ. ಒಂದು ಮೀನಿಗೆ ಹತ್ತು ಸಾವಿರ ಬ್ಯಾಕ್ಟೀರಿಯಾದಿಂದ ಶುರು. ಆಮೇಲೆ ಒಂದು ಲಕ್ಷ, ಹತ್ತು ಲಕ್ಷ, ಒಂದು ಕೋಟಿ, ಹತ್ತು ಕೋಟಿ. ಆರನೆಯ ತೊಟ್ಟಿಯ ಮರಿಗಳಿಗೆ ಬರೀ ಉಪ್ಪುನೀರಿನ ಸೂಜಿ. ಸೂಜಿ ಚುಚ್ಚಿದ್ದರಿಂದಲೇ ಸತ್ತವೋ ಅಂತ ತಿಳಿಯಬೇಕಲ್ವಾ, ಅದಕ್ಕೆ.

ಹಿಂದಿನ ರಾತ್ರಿ ಉಪ್ಪು ಬೆರೆಸಿದ ಬ್ರಾತ್ ಎಂಬ ಪೋಷಕ ದ್ರವದಲ್ಲಿ ಬ್ಯಾಕ್ಟೀರಿಯಾ ಬೆಳೆಸಿದೆ. ಬೆಳಿಗ್ಗೆ ಯಂತ್ರದಲ್ಲಿ ತಿರುಗಿಸಿ, ತಳಕ್ಕೆ ಕೂತ ಗಸಿಯನ್ನು ಉಪ್ಪುನೀರಲ್ಲಿ ಎರಡು ಸಲ ತೊಳೆದೆ. ಅದು ತಿಳಿಯಾದ ಅಕ್ಕಿಗಂಜಿಯ ಹಾಗೆ ಕಾಣುತ್ತಿತ್ತು. ಒಂದು ಎಂಎಲ್‌ನಲ್ಲಿ ಸುಮಾರು ನೂರು ಕೋಟಿ. ಒಂದು ಮೀನಿಗೆ ಕೊಡುವುದು ಎಂಎಲ್‌ನ ಹತ್ತನೇ ಒಂದು ಪಾಲು, ಹಾಗಾಗಿ ಹತ್ತು ಕೋಟಿ. ಒಂದು ಪಾಲು ಇದು, ಒಂಬತ್ತು ಪಾಲು ಉಪ್ಪುನೀರು ಬೆರೆಸಿದರೆ ಒಂದು ಕೋಟಿಯ ಡೋಸ್. ಹೀಗೇ ಮೆಟ್ಟಿಲು ಮೆಟ್ಟಿಲಾಗಿ ಕೆಳಗೆ ಇಳಿಯುವುದು. ಇಲ್ಲಿ ಒಂದು ವಿಚಿತ್ರ ಇದೆ. ಎಷ್ಟು ಬ್ಯಾಕ್ಟೀರಿಯಾ ಕೊಟ್ಟೆ ಎಂದು ನಿಜವಾಗಿ ತಿಳಿಯುವುದು ಕೊಟ್ಟ ಮಾರನೇ ದಿನ. ಅದೇ ದ್ರಾವಣವನ್ನು ಪ್ಲೇಟಿಗೂ ಸವರಿಟ್ಟು, ಬೆಳೆದ ಕಾಲೊನಿ ಎಣಿಸಿದರೆ ಮಾತ್ರ ಲೆಕ್ಕ ಖಚಿತ. ಎಣಿಸುವುದು ಕೂಡ 30ರಿಂದ 300ರ ನಡುವೆ ಕಾಲೊನಿ ಇರುವ ಪ್ಲೇಟನ್ನು ಮಾತ್ರ. ಅಲ್ಲಿಯವರೆಗೆ ಕೈಯಲ್ಲಿರುವುದು ಅಂದಾಜು.

ಮೊದಲ ಮರಿಯನ್ನು ಕೈಗೆ ತೆಗೆದುಕೊಂಡದ್ದು ಚೆನ್ನಾಗಿ ನೆನಪಿದೆ. ಲವಂಗದ ಎಣ್ಣೆ ಸ್ವಲ್ಪ ಹಾಕಿದ ನೀರಿನಲ್ಲಿ ಬಿಟ್ಟರೆ ಎರಡು ಮೂರು ನಿಮಿಷದಲ್ಲಿ ವಾಲುತ್ತದೆ. ಒದ್ದೆ ಸ್ಪಂಜಿನ ಮೇಲೆ ಬೆನ್ನು ಕೆಳಗೆ ಮಾಡಿ ಮಲಗಿಸಿದೆ. ಹೊಟ್ಟೆ ಎಷ್ಟು ತೆಳುವೆಂದರೆ ಒಳಗಿನ ಕರುಳಿನ ನೆರಳು ಕಾಣುತ್ತಿತ್ತು. ಕೆಳರೆಕ್ಕೆಯ ಹಿಂದೆ, ಗುದದ್ವಾರಕ್ಕಿಂತ ಮುಂದೆ, ಇನ್ಸುಲಿನ್ ಸೂಜಿಯನ್ನು ಓರೆಯಾಗಿ ಇಡಬೇಕು. ನೆಟ್ಟಗೆ ಚುಚ್ಚಿದರೆ ಕರುಳು ಹರಿಯುತ್ತದೆ. ಚರ್ಮ ದಾಟುವಾಗ ಬೆರಳಿಗೆ ಸಣ್ಣ ‘ಟಪ್’ ಅನಿಸುತ್ತದೆ. ಅಲ್ಲಿಗೆ ನಿಲ್ಲಿಸಿ ಒತ್ತಬೇಕು. ಶುದ್ಧ ನೀರಿಗೆ ಬಿಟ್ಟಾಗ ಕಿವಿರಿನ ಮುಚ್ಚಳ ಒಂದು ಸಲ ತೆರೆಯಿತು. ಉಸಿರು ಹಿಡಿದು ನೋಡಿದೆ. ಮತ್ತೊಮ್ಮೆ ತೆರೆಯಿತು. ಮರಿ ನೆಟ್ಟಗಾಗಿ ಈಜಿ ಹೋಯಿತು. ಹೀಗೆ 60. ಕೈಯಿಂದ ಲವಂಗದ ವಾಸನೆ ಎರಡು ದಿನ ಹೋಗಲಿಲ್ಲ. ಮೆಸ್ಸಿನಲ್ಲಿ ಪಲಾವ್ ಮಾಡಿದ್ದರು, ನನಗೆ ಉಣ್ಣಲು ಆಗಲಿಲ್ಲ.

ರಾತ್ರಿ ಕಾವಲು ಕೂತೆ. ಮೊದಲ ದಿನ ಒಂದೂ ಸಾಯಲಿಲ್ಲ. ಎರಡನೇ ದಿನ ಹತ್ತು ಕೋಟಿಯ ತೊಟ್ಟಿಯಲ್ಲಿ ಒಂದು ಹೋಯಿತು. ಮೂರು, ನಾಲ್ಕು, ಐದು. ಏನೂ ಇಲ್ಲ. ಎಲ್ಲ ಮರಿಗಳೂ ಚುರುಕಾಗಿ ತಿನ್ನುತ್ತಿದ್ದವು. ಹತ್ತು ದಿನ ಕಳೆಯಿತು. ಆಸ್ಪತ್ರೆಯಲ್ಲಿ ಹೀಗಾಗಿದ್ದರೆ ಎಲ್ಲರಿಗೂ ಸಂತೋಷ. ಇಲ್ಲಿ ನನ್ನ ಎದೆ ಕುಸಿಯಿತು.

ತಪ್ಪು ನನ್ನದೇ. ಮಾವನ ಪಂಜರದಿಂದ ತಂದ ಬ್ಯಾಕ್ಟೀರಿಯಾವನ್ನು ಐದು ತಿಂಗಳು ಟ್ಯೂಬಿನಿಂದ ಟ್ಯೂಬಿಗೆ, ಹದಿನೈದು ದಿನಕ್ಕೊಮ್ಮೆ ಬದಲಿಸುತ್ತಾ ಇಟ್ಟಿದ್ದೆ. ಟ್ಯೂಬಿನೊಳಗಿನ ಅಗಾರ್ ಎಂಬ ಪೋಷಕ ಜೆಲ್ಲಿಯ ಮೇಲೆ ಅದಕ್ಕೆ ಊಟ ಸುಮ್ನೆ ಸಿಗುತ್ತದೆ. ಮೀನಿನ ರಕ್ತದಲ್ಲಿ ಬದುಕಲು ಬೇಕಾದ ಜಗಳಗಂಟತನ ಅಲ್ಲಿ ಬೇಕಿಲ್ಲ. ತಲೆಮಾರು ಕಳೆದಂತೆ ಅದು ಸಾಧುವಾಗುತ್ತದೆ. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ತಂದ ಮೊದಲ ವಾರವೇ ಗ್ಲಿಸರಾಲ್‌ನಲ್ಲಿ ಬೆರೆಸಿ ಮೈನಸ್ 80 ಡಿಗ್ರಿಯ ಫ್ರೀಜರಿಗೆ ಹಾಕಿದ್ದರೆ ಸಾಕಿತ್ತು. ಅದು ಅರ್ಧ ಗಂಟೆಯ ಕೆಲಸ. ನಾಳೆ ಮಾಡಿದರಾಯಿತು ಅಂತ ಬಿಟ್ಟಿದ್ದೆ.

ಬದುಕಿದ 59 ಮರಿಗಳನ್ನು ಏನು ಮಾಡುವುದು? ರೋಗಾಣು ಹೊಕ್ಕ ಮೀನನ್ನು ಹೊಳೆಗೆ ಬಿಡುವಂತಿಲ್ಲ. ಮಾರುವಂತಿಲ್ಲ. ಬೇರೆ ಪ್ರಯೋಗಕ್ಕೂ ಬಳಸುವಂತಿಲ್ಲ, ಅವುಗಳ ಮೈಗೆ ಈಗ ಈ ಬ್ಯಾಕ್ಟೀರಿಯಾದ ಪರಿಚಯ ಆಗಿಬಿಟ್ಟಿದೆ. ನಿಯಮ ಸ್ಪಷ್ಟವಾಗಿತ್ತು, ಸರಿಯಾಗಿಯೂ ಇತ್ತು. ಹನ್ನೊಂದನೇ ದಿನ ಬೆಳಿಗ್ಗೆ ಲವಂಗದ ಎಣ್ಣೆ ಹೆಚ್ಚು ಹಾಕಿ, ಹತ್ತು ಹತ್ತರಂತೆ ಅವುಗಳನ್ನು ನಾನೇ ಮುಗಿಸಿದೆ. ಎಲ್ಲವೂ ದುಂಡಗೆ, ಬೆಳ್ಳಗೆ ಇದ್ದವು. ಬಿಸಿ ಹಬೆಯಲ್ಲಿ ರೋಗಾಣು ಕೊಲ್ಲುವ ಆಟೋಕ್ಲೇವ್ ಯಂತ್ರದ ಚೀಲಕ್ಕೆ ಹಾಕುವಾಗ ಎಣಿಸಿದೆ. ರೋಗ ಬಂದು ಸತ್ತಿದ್ದರೆ ಒಂದೊಂದು ಮರಿಯೂ ನನಗೆ ಏನಾದರೂ ಹೇಳಿರುತ್ತಿತ್ತು. ಈ 59 ಏನೂ ಹೇಳದೆ ಹೋದವು. ಅದು ನನ್ನ ಅರ್ಧ ಗಂಟೆಯ ಸೋಮಾರಿತನದ ಲೆಕ್ಕ. ಅವತ್ತು ಸಂಜೆ ಗೈಡ್ ಬೈಯಲಿಲ್ಲ. ನೋಟ್‌ಬುಕ್ಕಿನಲ್ಲಿ ‘ಪ್ರಯೋಗ ವಿಫಲ’ ಎಂದು ಬರೆದದ್ದನ್ನು ತೋರಿಸಿ, ಅದರ ಪಕ್ಕ ಮೀನಿನ ಸಂಖ್ಯೆಯನ್ನೂ ಬರಿ ಎಂದರು. ಬರೆದೆ.

ಬ್ಯಾಕ್ಟೀರಿಯಾಕ್ಕೆ ಶಕ್ತಿ ಮರಳಿಸಲು ಇರುವ ದಾರಿ ಒಂದೇ, ಅದನ್ನು ಮೀನಿನೊಳಗೆ ಹಾಯಿಸುವುದು. ಮತ್ತೆ ಅನುಮತಿ ತೆಗೆದುಕೊಂಡೆವು. ಎರಡು ಮರಿಗಳಿಗೆ ದೊಡ್ಡ ಡೋಸ್ ಕೊಟ್ಟು, ಕಾಯಿಲೆ ಬಿದ್ದ ಕೂಡಲೇ ಕಿಡ್ನಿಯಿಂದ ಬ್ಯಾಕ್ಟೀರಿಯಾ ತೆಗೆದು, ಅದನ್ನು ಮುಂದಿನ ಎರಡಕ್ಕೆ ಕೊಟ್ಟು, ಹೀಗೆ ಮೂರು ಸುತ್ತು. ಮೊದಲ ಸುತ್ತಿನಲ್ಲಿ ಮೂರು ದಿನ ಹಿಡಿಯಿತು. ಮೂರನೇ ಸುತ್ತಿನಲ್ಲಿ ಒಂದು ರಾತ್ರಿ ಸಾಕಾಯಿತು. ಆ ಸಲ ಪ್ಲೇಟ್ ತೆಗೆದ ದಿನವೇ 20 ಟ್ಯೂಬಿಗೆ ಹಾಕಿ, ಹೆಸರು ತಾರೀಕು ಬರೆದು ಫ್ರೀಜರಿಗೆ ಸೇರಿಸಿದೆ. ಹಸಿವಾಗಿತ್ತು, ಆದರೂ ಊಟಕ್ಕೆ ಹೋದದ್ದು ಆಮೇಲೆ.

ಎರಡನೇ ಪ್ರಯೋಗ. ಮತ್ತೆ 60 ಮರಿ, ಅದೇ ಐದು ಪ್ರಮಾಣ. ಬೆಳಿಗ್ಗೆ ಹನ್ನೊಂದಕ್ಕೆ ಚುಚ್ಚಿ ಮುಗಿಯಿತು. ಮೂರು ಗಂಟೆಗೊಮ್ಮೆ ಟಾರ್ಚ್ ಹಿಡಿದು ತೊಟ್ಟಿಯಿಂದ ತೊಟ್ಟಿಗೆ ಹೋಗುವುದು. ಮೊದಲು ಉಪ್ಪುನೀರಿನ ತೊಟ್ಟಿ, ಆಮೇಲೆ ಕಡಿಮೆ ಡೋಸಿನದು, ಕೊನೆಗೆ ಹತ್ತು ಕೋಟಿಯದು. ಕೈ, ಬಲೆ, ಚಪ್ಪಲಿ ಯಾವುದೂ ಹಿಂದಕ್ಕೆ ಹೋಗಬಾರದು. ಪ್ರತಿ ತೊಟ್ಟಿಗೆ ಅದರದೇ ಬಲೆ.

ರಾತ್ರಿ ಹತ್ತಕ್ಕೆ ಹತ್ತು ಕೋಟಿಯ ತೊಟ್ಟಿಯ ಬಣ್ಣ ಬದಲಾಗಿತ್ತು. ಮರಿಗಳ ಮೈ ಕಪ್ಪಾಗಿತ್ತು. ಮಾವನ ಪಂಜರದಲ್ಲಿ ಕಂಡದ್ದೇ ಅದು. ಗಾಳಿ ಕಲ್ಲಿನ ಗುಳ್ಳೆಯ ಹತ್ತಿರ ತಲೆ ಮೇಲೆ ಮಾಡಿ ನಿಂತಿದ್ದವು. ಎರಡು ಗಂಟೆಗೆ ಒಂದು ಪಕ್ಕಕ್ಕೆ ಬಿದ್ದಿತ್ತು. ಬಲೆ ತಾಗಿಸಿದೆ, ಬಾಲ ಒಂದು ಸಲ ಅಲುಗಿತು. ನಿಯಮದ ಪ್ರಕಾರ ಇನ್ನೂ ಬಿಡಬೇಕು. ಅಲ್ಲೇ ಸ್ಟೂಲ್ ಹಾಕಿ ಕೂತೆ. ಅರ್ಧ ಗಂಟೆ ಬಿಟ್ಟು ಮತ್ತೆ ತಾಗಿಸಿದೆ, ಅಲುಗಲಿಲ್ಲ. ತೆಗೆದೆ.

ನಾಲ್ಕು ಗಂಟೆಗೆ ಅದನ್ನು ಬಿಡಿಸಿದೆ. ರೆಕ್ಕೆಗಳ ಬುಡದಲ್ಲಿ ಕೆಂಪು ಗೆರೆಗಳು, ಸೂಜಿಯಿಂದ ಗೀರಿದ ಹಾಗೆ. ಹೊಟ್ಟೆ ತೆರೆದಾಗ ತಿಳಿ ಕೆಂಪು ನೀರು ಹರಿಯಿತು. ಗುಲ್ಮ (ಸ್ಪ್ಲೀನ್) ಸಾಮಾನ್ಯವಾಗಿ ಕೊತ್ತಂಬರಿ ಕಾಳಿನಷ್ಟು ಇರುವುದು, ಈಗ ಹುರುಳಿ ಕಾಳಿಗಿಂತ ದೊಡ್ಡದಾಗಿ, ಜಾಮೂನಿನ ಬಣ್ಣಕ್ಕೆ ತಿರುಗಿತ್ತು. ಈರುಳ್ಳಿ ಸಿಪ್ಪೆಯಂತೆ ತೆಳುವಾದ ಕರುಳಿನೊಳಗೆ ಆಹಾರ ಇರಲಿಲ್ಲ, ಹಳದಿ ದ್ರವ ಇತ್ತು. ಒಂದೊಂದನ್ನೂ ನೋಡಿ, ಚಿತ್ರ ಬರೆದು, ಕಿಡ್ನಿಯಿಂದ ಗೀರು ಎಳೆದೆ. ಒಂದು ಮರಿಗೆ 40 ನಿಮಿಷ. ಅಷ್ಟರಲ್ಲಿ ಇನ್ನೆರಡು ಬಿದ್ದಿದ್ದವು.

ಬೆಳಿಗ್ಗೆ ಆಗುವಾಗ ಆ ತೊಟ್ಟಿಯಲ್ಲಿ ಆರು ಹೋಗಿದ್ದವು. ಮಾರನೇ ರಾತ್ರಿಯ ಹೊತ್ತಿಗೆ ತೊಟ್ಟಿ ಖಾಲಿ. ಒಂದು ಕೋಟಿಯದರಲ್ಲಿ ಎಂಟು. ಹತ್ತು ಲಕ್ಷದ್ದರಲ್ಲಿ ಮೂರು. ಒಂದು ಲಕ್ಷದ್ದರಲ್ಲಿ ಒಂದು. ಹತ್ತು ಸಾವಿರದ್ದೂ ಉಪ್ಪುನೀರಿನದೂ ಪೂರ್ತಿ ಹತ್ತು ಹತ್ತು ಉಳಿದವು. ಐದನೇ ದಿನದ ಮೇಲೆ ಸಾವು ನಿಂತಿತು. ಉಳಿದವು ಮತ್ತೆ ಬೆಳ್ಳಗಾದವು, ತಿನ್ನಲು ಶುರು ಮಾಡಿದವು. ಹತ್ತನೇ ದಿನ ಅವುಗಳನ್ನೂ ನಾನೇ ಮುಗಿಸಬೇಕಾಯಿತು. ಈ ಸಲವೂ ಅದು ಸುಲಭವಾಗಲಿಲ್ಲ. ಆದರೆ ಈ ಸಲ ಪ್ರತಿಯೊಂದರ ಎದುರಿಗೂ ಬರೆಯಲು ಒಂದು ಸಾಲು ಇತ್ತು. ಬದುಕಿದ್ದು ಕೂಡ ಒಂದು ಉತ್ತರವಾಗಿತ್ತು. ತೊಟ್ಟಿಯ ನೀರಿಗೆಲ್ಲ ಬ್ಲೀಚಿಂಗ್ ಪೌಡರ್ ಹಾಕಿ ಒಂದು ರಾತ್ರಿ ಬಿಟ್ಟು, ಆಮೇಲೆ ಕ್ಲೋರಿನ್ ಇಳಿಸಿ ಹೊರಗೆ ಬಿಟ್ಟೆವು.

ಅರ್ಧದಷ್ಟು ಮೀನು ಸಾಯಲು ಬೇಕಾದ ಪ್ರಮಾಣವನ್ನು ಎಲ್‌ಡಿ50 ಎನ್ನುತ್ತಾರೆ. ರೀಡ್ ಮತ್ತು ಮೆಂಚ್ ಎಂಬ ಇಬ್ಬರು 1938ರಲ್ಲಿ ತೋರಿಸಿಕೊಟ್ಟ ಲೆಕ್ಕ ಇದೆ. ಸತ್ತವನ್ನು ಕೆಳಗಿನ ಡೋಸಿನಿಂದ ಮೇಲಕ್ಕೆ ಕೂಡುತ್ತಾ ಹೋಗಬೇಕು, ಬದುಕಿದವನ್ನು ಮೇಲಿನಿಂದ ಕೆಳಕ್ಕೆ. ಕಾಗದ ಪೆನ್ಸಿಲ್ ಸಾಕು. ನನ್ನ ಮರಿಗಳಿಗೆ ಬಂದ ಉತ್ತರ ಸುಮಾರು 22 ಲಕ್ಷ. ಈ ಒಂದು ಸಂಖ್ಯೆ ಯಾಕೆ ಬೇಕು ಅಂದರೆ, ಮುಂದೆ ಯಾರಾದರೂ ಲಸಿಕೆ ಮಾಡಿದರೆ ಅದನ್ನು ಪರೀಕ್ಷಿಸುವುದು ಇದರ ಮೇಲೆಯೇ. ಡೋಸ್ ಕಡಿಮೆ ಆದರೆ ಲಸಿಕೆ ಇಲ್ಲದ ಮೀನೂ ಬದುಕುತ್ತದೆ, ಜಾಸ್ತಿ ಆದರೆ ಲಸಿಕೆ ಹಾಕಿದ್ದೂ ಸಾಯುತ್ತದೆ. ಎರಡರಿಂದಲೂ ಏನೂ ತಿಳಿಯುವುದಿಲ್ಲ. ನಾರ್ವೆಯ ಸಾಲ್ಮನ್ ಸಾಕಣೆಯಲ್ಲಿ 1987ರಲ್ಲಿ ಸುಮಾರು 50 ಟನ್ ಆಂಟಿಬಯಾಟಿಕ್ ಸುರಿದಿದ್ದರು. ಒಳ್ಳೆಯ ಲಸಿಕೆಗಳು ಬಂದ ಮೇಲೆ, ಮೀನಿನ ಉತ್ಪಾದನೆ ಏರುತ್ತಲೇ ಇದ್ದರೂ, 1990ರ ದಶಕದಲ್ಲೇ ಅದು ಒಂದೆರಡು ಟನ್ನಿಗೆ ಇಳಿಯಿತು. ಆ ಲಸಿಕೆಗಳ ಹಿಂದೆ ಇಂಥ ಎಷ್ಟು ತೊಟ್ಟಿಗಳು, ಎಷ್ಟು ರಾತ್ರಿಗಳು ಇದ್ದಿರಬೇಕು ಎಂದು ಈಗ ಅನಿಸುತ್ತದೆ.

ಸತ್ತ ಮರಿಗಳಿಂದ ಮತ್ತೆ ಅದೇ ಹಳದಿ ಕಾಲೊನಿ ಬಂತು, ಅದೇ ಜೀನ್ ಸಿಕ್ಕಿತು. ಕಾಕ್ ಹೇಳಿದ್ದು ಪೂರ್ತಿಯಾಯಿತು. ಖುಷಿಯಿಂದ ಗೈಡ್ ಹತ್ತಿರ ಹೋದೆ. ಅವರು ಕೇಳಿದರು, ‘ಸರಿ. ಪಂಜರದಲ್ಲಿ ಸೂಜಿ ಚುಚ್ಚಿದವರು ಯಾರು?’

ನಿಜವೇ ಅಲ್ವಾ? ಸೂಜಿ ಅಂದರೆ ಬಾಗಿಲು ಮುರಿದು ಒಳಗೆ ಹೋದ ಹಾಗೆ. ಮೀನಿನ ಮೊದಲ ಕಾವಲು ಅದರ ಲೋಳೆ, ಹುರುಪೆ, ಚರ್ಮ. ಅವನ್ನೆಲ್ಲ ನಾನು ದಾಟಿಸಿಬಿಟ್ಟಿದ್ದೆ. ಆ ರಾತ್ರಿ ಹಳೇ ನೋಟ್‌ಬುಕ್ ತಿರುವಿದಾಗ ಮೊದಲ ಪುಟದಲ್ಲಿ ಮಾವನ ಮಾತು ಸಿಕ್ಕಿತು. ಮೂರು ದಿನದ ಹಿಂದೆ ಗ್ರೇಡಿಂಗ್.

ಮೂರನೇ ಪ್ರಯೋಗ ಚಿಕ್ಕದು. ನಾಲ್ಕು ತೊಟ್ಟಿ, 40 ಮರಿ. ಎರಡು ತೊಟ್ಟಿಯ ಮರಿಗಳಿಗೆ ಮಂಪರು ಬರಿಸಿ, ಬೆನ್ನಿನ ಕೆಳಗೆ ಚಿಕ್ಕ ಉಗುರಿನಷ್ಟು ಜಾಗದಲ್ಲಿ ಹುರುಪೆ ಕೆರೆದೆ. ರಕ್ತ ಬರುವಷ್ಟು ಅಲ್ಲ. ಉಳಿದೆರಡು ತೊಟ್ಟಿಯ ಮರಿಗಳಿಗೂ ಮಂಪರು ಬರಿಸಿದೆ, ಕೆರೆಯಲಿಲ್ಲ. ಆಮೇಲೆ ಕೆರೆದ ಒಂದು ತೊಟ್ಟಿ, ಕೆರೆಯದ ಒಂದು ತೊಟ್ಟಿಯ ಮರಿಗಳನ್ನು ಬ್ಯಾಕ್ಟೀರಿಯಾ ಬೆರೆಸಿದ ನೀರಿನಲ್ಲಿ ಒಂದು ಗಂಟೆ ಇಟ್ಟೆ. ಎರಡು ವಾರ ನೋಡಿದೆ. ಬ್ಯಾಕ್ಟೀರಿಯಾ ಇಲ್ಲದ ಎರಡು ತೊಟ್ಟಿಯಲ್ಲೂ ಒಂದೂ ಸಾಯಲಿಲ್ಲ, ಗಾಯ ತಾನೇ ಮಾಯಿತು. ಬ್ಯಾಕ್ಟೀರಿಯಾ ನೀರಿನಲ್ಲಿದ್ದು ಚರ್ಮ ಚೆನ್ನಾಗಿದ್ದ ಹತ್ತರಲ್ಲಿ ಒಂದು ಸತ್ತಿತು. ಕೆರೆದ ಹತ್ತರಲ್ಲಿ ಆರು ಸತ್ತವು. ಕೆರೆದ ಜಾಗವೇ ಮೊದಲು ಬೆಳ್ಳಗಾಗಿ, ಅಂಚು ಕೆಂಪಾಗಿ, ಆಮೇಲೆ ಹುಣ್ಣಾಯಿತು.

ಪ್ರಬಂಧ ಬರೆದು ಮುಗಿಸಿದ ಮೇಲೆ ಮಾವನ ಮನೆಗೆ ಹೋದೆ. ಜಗುಲಿಯಲ್ಲಿ ಕೂತು ಎಲ್ಲ ಹೇಳಿದೆ. ಅವರು ನಡುವೆ ಮಾತಾಡಲಿಲ್ಲ. ಕೊನೆಗೆ, ‘ಒಟ್ಟು ಎಷ್ಟು ಮರಿ ಹೋದವು ನಿನ್ನ ಕಡೆ?’ ಎಂದರು. ಪ್ರಯೋಗಕ್ಕೆ 166, ಒಂದನ್ನೊಂದು ನುಂಗಲು ಹೋಗಿ ಎರಡು, ಎಂದೆ. ತಲೆಯಾಡಿಸಿ ಎದ್ದು ಹೋಗಿ, ಗ್ರೇಡಿಂಗ್ ಮಾಡುವ ಕೈಬಲೆ ತಂದರು. ಹಳೇ ನೈಲಾನ್ ಬಲೆ, ಬಿಸಿಲಿಗೆ ಒಣಗಿ ಗಟ್ಟಿಯಾಗಿತ್ತು. ಹೆಬ್ಬೆರಳಿನಿಂದ ಗಂಟುಗಳನ್ನು ಒಂದೊಂದಾಗಿ ಸವರುತ್ತಾ ಹೋದರು. ಒಂದು ಗಂಟಿನಲ್ಲಿ ಎರಡು ಹುರುಪೆ ಇನ್ನೂ ಸಿಕ್ಕಿಕೊಂಡಿದ್ದವು. ಅವನ್ನು ಕಿತ್ತು ನನ್ನ ಅಂಗೈ ಮೇಲಿಟ್ಟರು. ‘ಗಂಟಿಲ್ಲದ ಬಲೆ ಬರ್ತದೆ. ನಾಳೆ ಗಂಗೊಳ್ಳಿಗೆ ಹೋಗಿ ರೇಟ್ ಕೇಳುವ, ನೀನೂ ಬಾ’ ಎಂದರು.